ಯಾರ ಕೊಳಗ?

ಕೇಳುಗರಿಗೆ ನಮಸ್ಕಾರ.

ಚುನಾವಣೆ ಬಂತೆಂದರೆ ಆಟೋಗೆ ಮೈಕ್ ಕಟ್ಟಿಕೊಂಡು ಕೂಗುತ್ತಾ ಹೋಗುತ್ತಾರೆ. ಒಂದು ಘೋಷಣೆ ಕೇಳಿ ನಗು ಬರುತ್ತದೆ. ಇನ್ನೊಂದಕ್ಕೆ ಮೈ ಜುಮ್ಮೆನ್ನುತ್ತದೆ. ಯಾಕಿರಬಹುದು?

‘ಉಳುವವನೇ ಹೊಲದೊಡೆಯ’. ಎರಡೇ ಪದ. ಬೆಂಗಳೂರಿನ ಹುಡುಗನಿಗೆ ಇದು ಪರೀಕ್ಷೆಗೆ ಓದಿದ ಸಾಲು, ಅಷ್ಟೇ. ಸಾಗರದ ಕಡೆಯ ಹಳಬರಿಗೆ ಹಾಗಲ್ಲ. ಅವರಿಗೆ ಜೊತೆಯಲ್ಲೇ ಒಂದು ಕೊಳಗ ಕಣ್ಣಿಗೆ ಕಟ್ಟುತ್ತದೆ. ಕೊಳಗ ಅಂದರೆ ಭತ್ತ ಅಳೆಯುವ ಪಾತ್ರೆ. ಗೇಣಿ ಅಳೆದುಕೊಳ್ಳುವಾಗ ಜಮೀನಿನ ಒಡೆಯರ ಕೊಳಗ ಸ್ವಲ್ಪ ದೊಡ್ಡದೇ ಇರುತ್ತಿತ್ತು. ಸ್ವಲ್ಪ ತಾನೇ ಅನ್ನಬೇಡಿ. ಕಣದಲ್ಲಿ ರಾಶಿ ಕರಗುವುದನ್ನು ನಿಂತು ನೋಡಿದವರಿಗೆ ಆ ಸ್ವಲ್ಪದ ಲೆಕ್ಕ ಗೊತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ತಿರುಗಿಬಿದ್ದಿದ್ದು ಈ ಅಳತೆಯ ಜಗಳದಿಂದಲೇ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಾಗರ–ಹೊಸನಗರದ ಜನ ಆ ಹೋರಾಟದ ಮುಂದಾಳು ಶಾಂತವೇರಿ ಗೋಪಾಲಗೌಡರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು.

1974ರಲ್ಲಿ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ ಅದೇ ಕೂಗನ್ನು ಕಾನೂನು ಮಾಡಿತು. ಗೇಣಿದಾರರು ಡಿಕ್ಲರೇಷನ್, ಅಂದರೆ ಉಳುತ್ತಿರುವವರು ನಾವೇ ಅನ್ನುವ ಅರ್ಜಿ ಕೊಟ್ಟರು, ಎಷ್ಟೋ ಜನರಿಗೆ ಜಮೀನು ಕೈಗೆ ಬಂತು.

ಈಗ 1977ಕ್ಕೆ ಬನ್ನಿ. ತುರ್ತುಪರಿಸ್ಥಿತಿ ಮುಗಿದು ಚುನಾವಣೆ. ‘ಇಂದಿರಾ ಹಟಾವೋ, ದೇಶ್ ಬಚಾವೋ’, ಅಂದರೆ ಇಂದಿರಾರನ್ನು ತೊಲಗಿಸಿ, ದೇಶ ಉಳಿಸಿ ಅನ್ನುವುದು ವಿರೋಧ ಪಕ್ಷಗಳ ಕೂಗು. ‘ಇಂದಿರಾ ಹಟಾವೋ’ ಹೊಸದೇನಲ್ಲ. 1971ರಲ್ಲಿ ಇಂದಿರಾ ಅವರ ‘ಗರೀಬಿ ಹಟಾವೋ’ (ಬಡತನ ತೊಲಗಿಸಿ) ಎದುರು ಸೋತು ಸುಣ್ಣವಾಗಿದ್ದ ಮಾತೇ ಅದು. ಆದರೆ ನಡುವೆ ಉತ್ತರದ ಹಳ್ಳಿಗಳು ಬಲವಂತದ ನಸ್‌ಬಂದಿ, ಅಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಕಂಡಿದ್ದವು. ಉತ್ತರಪ್ರದೇಶದ 85, ಬಿಹಾರದ 54 ಸೀಟುಗಳಲ್ಲಿ ಕಾಂಗ್ರೆಸ್‌ಗೆ ಒಂದೂ ಸಿಗಲಿಲ್ಲ. ಕರ್ನಾಟಕದಲ್ಲಿ? 28ರಲ್ಲಿ 26 ಕಾಂಗ್ರೆಸ್‌ಗೇ! ಹಾಗಂತ ಇಲ್ಲಿ ತುರ್ತುಪರಿಸ್ಥಿತಿ ಇರಲಿಲ್ಲವೇ? ವಾಜಪೇಯಿ, ಅಡ್ವಾಣಿ ಇಬ್ಬರೂ ಬೆಂಗಳೂರಿನ ಜೈಲಿನಲ್ಲೇ ಇದ್ದರಲ್ಲ! ಆದರೆ ಡಿಕ್ಲರೇಷನ್ ಕೊಟ್ಟ ಮನೆಯವರಿಗೆ ‘ಹಟಾವೋ’ ಅಂದಾಗ ತಮ್ಮ ಗದ್ದೆಯೇ ನೆನಪಾಗಿರಬೇಕು. ಇದು ನನ್ನ ಊಹೆ. ಕಾರಣಗಳು ಬೇರೆಯೂ ಇದ್ದವು ಬಿಡಿ.

ನನಗೆ ಗೊತ್ತಿರುವ ಒಂದು ಮನೆಯಲ್ಲಿ ಹಳೇ ಕೊಳಗವೊಂದು ಈಗಲೂ ಇದೆ. ಮಕ್ಕಳು ಅದರಲ್ಲಿ ಕ್ರಿಕೆಟ್ ಚೆಂಡು ಹಾಕಿಡುತ್ತಾರೆ. ಹೋದ ಚುನಾವಣೆಯಲ್ಲಿ ರೈತರ ಹೆಸರು ಹೇಳಿಕೊಂಡು ಆಟೋ ಬಂತು. ಮೊಮ್ಮಗ ಮೊಬೈಲಿನಿಂದ ತಲೆ ಎತ್ತಲಿಲ್ಲ. ಜಗಲಿಯಲ್ಲಿದ್ದ ಅಜ್ಜ ಮಾತ್ರ ಕಿವಿಗೊಟ್ಟು ಪೂರ್ತಿ ಕೇಳಿದರು. ಆಮೇಲೆ ಅಂದರು: “ಎಲ್ಲಾ ಸರಿ ಕಣೋ. ಅಳೆಯೋದು ಯಾರ ಕೊಳಗದಲ್ಲಂತೆ, ಕೇಳು.”

ನಮಸ್ಕಾರ.