ಉಪ್ಪಿನ ಋಣ, ಗಣತಿಯ ಕಾಲಂ: ದಕ್ಷಿಣ ಬುಕೊವಿನಾದ ಪೋಲಿಷ್ ಹಳ್ಳಿಗಳು

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಈ ಮಾಲೆಯ ಹಿಂದಿನ ಉಪನ್ಯಾಸಗಳಲ್ಲಿ ವಿಯೆನ್ನಾದಿಂದ ಆಳಿದ ಹ್ಯಾಬ್ಸ್‌ಬರ್ಗ್, ಅಂದರೆ ಆಸ್ಟ್ರಿಯದ, ಸಾಮ್ರಾಜ್ಯದ ಪೂರ್ವದ ಅಂಚಿನ ವಿಷಯವನ್ನು ತಾವು ವಿವರವಾಗಿ ಕೇಳಿರುವುದರಿಂದ ನಾನು ರಾಜರ ಮನೆತನಗಳನ್ನೂ ಒಪ್ಪಂದಗಳನ್ನೂ ಬದಿಗಿಟ್ಟು ನೇರವಾಗಿ ಹಳ್ಳಿಗಳಿಗೇ ಹೋಗುತ್ತೇನೆ. ಇಂದಿನ ರೊಮೇನಿಯಾದ ಈಶಾನ್ಯಕ್ಕಿರುವ ಸುಚಾವಾ ಜಿಲ್ಲೆಯ ಕಚಿಕಾ, ಸೊಲೊನೆತ್ಸು ನೊಉ, ಪ್ಲೆಶಾ ಮತ್ತು ಪೊಯಾನಾ ಮಿಕುಲುಯ್ ಎಂಬ ನಾಲ್ಕು ಊರುಗಳು ನನ್ನ ವಿಷಯ. ಇಷ್ಟು ದೂರದ ಊರುಗಳನ್ನು ನಾನು ಆರಿಸಿಕೊಳ್ಳಲು ಒಂದು ಕಾರಣವಿದೆ. ಒಬ್ಬ ಮನುಷ್ಯನಿಗೆ ಒಂದೇ ಭಾಷೆ, ಒಂದೇ ಜನ ಎಂಬ ಎಣಿಕೆ ಗುಮಾಸ್ತರ ಅನುಕೂಲಕ್ಕಾಗಿ ಹುಟ್ಟಿದ್ದು. ಅದನ್ನು ನಾವು ಕಾಲಕ್ರಮದಲ್ಲಿ ಮನುಷ್ಯನ ಸ್ವಭಾವವೆಂದೇ ನಂಬಿಬಿಟ್ಟಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಆ ನಂಬಿಕೆಯಿಂದಾದ ಹಾನಿಯನ್ನು ಈ ಊರುಗಳಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳ ನನಗೆ ಬೇರೆ ತಿಳಿದಿಲ್ಲ.

ಕಚಿಕಾದ ಕಥೆ ಉಪ್ಪಿನಿಂದ ಆರಂಭವಾಗುತ್ತದೆ. 1772ರಲ್ಲಿ ನೆರೆಯ ರಾಜ್ಯಗಳು ಪೋಲೆಂಡನ್ನು ಹಂಚಿಕೊಂಡಾಗ ಅದರ ದಕ್ಷಿಣದ ಸೀಮೆಯಾದ ಗಲಿಸಿಯಾ ವಿಯೆನ್ನಾದ ಪಾಲಿಗೆ ಬಂದಿತು. ಅದರೊಂದಿಗೆ ವ್ಯೆಲಿಚ್ಕಾ ಮತ್ತು ಬೊಖ್ನ್ಯಾದ ಪುರಾತನ ಉಪ್ಪಿನ ಗಣಿಗಳೂ, ಅವುಗಳಲ್ಲಿ ತಲೆಮಾರುಗಳಿಂದ ದುಡಿದು ಪಳಗಿದ ಜನರೂ ಬಂದರು. 1775ರಲ್ಲಿ ಬುಕೊವಿನಾ, ಅಂದರೆ ಈ ನಾಲ್ಕು ಊರುಗಳಿರುವ ಪ್ರಾಂತ್ಯ, ಸೇರಿತು. ಉಪ್ಪು ಆ ಕಾಲದಲ್ಲಿ ಸರ್ಕಾರದ ಏಕಸ್ವಾಮ್ಯವಾಗಿತ್ತೆಂಬುದನ್ನು ತಾವು ಬಲ್ಲಿರಿ. ಹೊಸ ಪ್ರಾಂತ್ಯದಲ್ಲಿ ಉಪ್ಪು ಇದೆಯೆಂದು ತಿಳಿದ ಮೇಲೆ ಸರ್ಕಾರ ಸುಮ್ಮನಿರುವುದುಂಟೇ? 1791ರಲ್ಲಿ ಕಚಿಕಾದಲ್ಲಿ ಗಣಿ ಆರಂಭವಾಯಿತು. ಮರುವರ್ಷದಿಂದಲೇ ವ್ಯೆಲಿಚ್ಕಾ, ಬೊಖ್ನ್ಯಾಗಳ ಕಡೆಯಿಂದ ಪೋಲಿಷ್ ಗಣಿಗಾರರು ಬರತೊಡಗಿದರು. ಉಪ್ಪುನೀರನ್ನು ಕಾಯಿಸಿ ಹರಳುಗಟ್ಟಿಸಲು ಬೆಟ್ಟದಷ್ಟು ಸೌದೆ ಬೇಕು. ಸೌದೆ ಕಡಿಯುವವರು, ಹೊರುವವರು, ಬಂಡಿ ಹೊಡೆಯುವವರು, ಲೆಕ್ಕ ಬರೆಯುವವರು, ಅಂಗಡಿ ಇಡುವವರು ಎಂದು ರೊಮೇನಿಯನ್ನರು, ಉಕ್ರೇನಿಯನ್ನರು, ಜರ್ಮನರು, ಸ್ಲೊವಾಕರು, ಯಹೂದಿಗಳು ಎಲ್ಲರೂ ಅಲ್ಲಿ ಸೇರಿದರು. ಊರಿನ ಹೆಸರು ಬಾತುಕೋಳಿಗೆ ಪೋಲಿಷರು ಹೇಳುವ ‘ಕಾಚ್ಕಾ’ ಎಂಬ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. ಸಾಮ್ರಾಜ್ಯದ ಬೊಕ್ಕಸಕ್ಕಾಗಿ ಹುಟ್ಟಿದ ಊರಿಗೆ ಜನರು ಕೆರೆಯಲ್ಲಿ ಈಜುವ ಹಕ್ಕಿಯ ಹೆಸರನ್ನು ಉಳಿಸಿಕೊಂಡದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಆ ಗಣಿಯೊಳಗೆ ಇಳಿದವರಿಗೆ ನನ್ನ ವಾದವನ್ನು ವಿವರಿಸಬೇಕಾಗಿಯೇ ಇಲ್ಲ. ಮರದ ಮೆಟ್ಟಿಲುಗಳನ್ನು ಇಳಿದರೆ ಮೊದಲು ಸಿಗುವುದು ಉಪ್ಪಿನಲ್ಲೇ ಕೊರೆದ ಸಂತ ಬಾರ್ಬರಾಳ ಪ್ರಾರ್ಥನಾಮಂದಿರ. ಆಕೆ ಗಣಿಗಾರರನ್ನು ಕಾಯುವವಳು. ಇನ್ನೊಂದೆಡೆ ಆರ್ಥೊಡಾಕ್ಸ್ ಎಂಬ ಬೇರೊಂದು ಕ್ರೈಸ್ತ ಪಂಥದವರ ಪ್ರಾರ್ಥನಾಸ್ಥಳವಿದೆ. ಇನ್ನೂ ಒಳಗೆ ಉಪ್ಪುನೀರಿನ ಕೊಳ, ಆಚೆಗೆ ಕುಣಿತದ ಕೋಣೆ. ಭೂಮಿಯ ಮೇಲೆ ಬೇರೆ ಬೇರೆ ಗುಡಿಗಳಿಗೆ ಹೋಗುತ್ತಿದ್ದವರು ಭೂಮಿಯ ಕೆಳಗೆ ಒಂದೇ ಸುರಂಗದಲ್ಲಿ, ಒಂದೇ ಅಪಾಯದ ನೆರಳಿನಲ್ಲಿ, ತಮ್ಮ ತಮ್ಮ ದೇವರಿಗೆ ಅಕ್ಕಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ನಾವು ಉಪ್ಪಿನ ಋಣ ಎನ್ನುತ್ತೇವಲ್ಲ, ಅದಕ್ಕೆ ಇಷ್ಟು ನೇರವಾದ ರೂಪವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಉಳಿದ ಮೂರು ಊರುಗಳದು ಬೇರೆ ಕಥೆ, ಮತ್ತು ನನ್ನ ವಾದದ ಜೀವ ಇರುವುದು ಅದರಲ್ಲಿಯೇ. ಇಲ್ಲಿನವರು ಗಣಿಗಾರರಲ್ಲ, ‘ಗುರಾಲೆ’ಗಳು, ಅಂದರೆ ಬೆಟ್ಟದವರು. ಅವರ ಮೂಲ ಚಾದ್ಸಾ ಪಟ್ಟಣದ ಸುತ್ತಲಿನ ಗುಡ್ಡಗಾಡು. ಆಗ ಅದು ಹಂಗೇರಿ ರಾಜ್ಯಕ್ಕೆ ಸೇರಿತ್ತು, ಈಗ ಸ್ಲೊವಾಕಿಯಾದಲ್ಲಿದೆ. ಹೊಟ್ಟೆಗೆ ಸಾಲುವಷ್ಟು ಭೂಮಿಯಿಲ್ಲದೆ ಹೊರಟ ಅವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬುಕೊವಿನಾದ ರಾಜಧಾನಿಯಾಗಿದ್ದ, ಈಗ ಉಕ್ರೇನಿನಲ್ಲಿರುವ ಚೆರ್ನಿವ್ಟ್ಸಿಯ ಸುತ್ತಮುತ್ತ ನೆಲೆಸಿದರು. ಅಲ್ಲಿಯೂ ನೆಲ ಸಾಲದಾದಾಗ ಅವರಲ್ಲಿ ಕೆಲವರು ದಕ್ಷಿಣಕ್ಕೆ ಸರಿದು, ಕಾಡು ಕಡಿದು, 1834ರಲ್ಲಿ ಸೊಲೊನೆತ್ಸು ನೊಉ, 1835ರಲ್ಲಿ ಪ್ಲೆಶಾ, 1842ರಲ್ಲಿ ಪೊಯಾನಾ ಮಿಕುಲುಯ್‌ಗಳಲ್ಲಿ ಮನೆ ಕಟ್ಟಿದರು. ಕೊನೆಯ ಊರಿಗೆ ಇಂದಿನ ಚೆಕ್ ದೇಶದಲ್ಲಿರುವ ಬೊಹೀಮಿಯಾದ ಕಾಡುಸೀಮೆಯಿಂದ ಜರ್ಮನ್ ಕುಟುಂಬಗಳೂ ಬಂದವು.

ಈಗ ಇವರ ಹೆಸರಿನ ಪಾಡನ್ನು ಗಮನಿಸಬೇಕು. ಆಸ್ಟ್ರಿಯದ ಆಡಳಿತದ ಕಾಗದಗಳಲ್ಲಿ ಇವರನ್ನು ಅನೇಕ ಬಾರಿ ಸ್ಲೊವಾಕರೆಂದು ಬರೆದುಕೊಂಡರು, ಏಕೆಂದರೆ ಅವರು ಬಂದದ್ದು ಆ ಕಡೆಯಿಂದ. ಮನೆಯಲ್ಲಿ ಆಡುತ್ತಿದ್ದದ್ದು ಪೋಲಿಷ್ ಭಾಷೆಯ ಒಂದು ಬೆಟ್ಟದ ನುಡಿ. ಪೋಲಿಷ್ ಪಾದ್ರಿಗಳೂ ಪೋಲಿಷ್ ಶಾಲೆಗಳೂ ಬಂದ ಮೇಲೆ ಅವರು ತಮ್ಮನ್ನು ಪೋಲಿಷರೆಂದೇ ತಿಳಿದರು. 1945ರಿಂದ 1947ರವರೆಗೆ ಬುಕೊವಿನಾದ ಸಾವಿರಾರು ಪೋಲಿಷರು ಪೋಲೆಂಡಿನ ಪಶ್ಚಿಮ ಸೀಮೆಗೆ, ಜರ್ಮನರು ತೊರೆದ ಹಳ್ಳಿಗಳಿಗೆ ಹೋಗಿ ನೆಲೆಸಿದರು. ತಾಯ್ನಾಡೆಂದು ನಂಬಿ ಹೋದ ಅಲ್ಲಿ ನೆರೆಯವರು ಅವರನ್ನು ‘ರೊಮೇನಿಯನ್ನರು’ ಎಂದು ಕರೆದರು. ಕಾಗದದಲ್ಲಿ ಸ್ಲೊವಾಕರು, ರೊಮೇನಿಯಾದಲ್ಲಿ ಪೋಲಿಷರು, ಪೋಲೆಂಡಿನಲ್ಲಿ ರೊಮೇನಿಯನ್ನರು! ಅದೇ ಅಜ್ಜಿ, ಅದೇ ಹಾಡು, ಅದೇ ಪಡಸಾಲೆ. ಬದಲಾದದ್ದು ಬರೆದುಕೊಳ್ಳುವವನ ಕಾಲಂ ಮಾತ್ರ.

ಇಲ್ಲಿ ನನ್ನದೊಂದು ಅನುಭವವನ್ನು ಹೇಳಲೇಬೇಕು. ಹಿಂದೆ ಕೇಳಿದವರು ಇನ್ನೊಮ್ಮೆ ಸಹಿಸಿಕೊಳ್ಳಬೇಕು. ಒಂದು ಆಗಸ್ಟ್ ತಿಂಗಳಲ್ಲಿ ಸೊಲೊನೆತ್ಸು ನೊಉವಿನ ಒಂದು ಮನೆಯಲ್ಲಿ ನನಗೂ ನನ್ನ ದುಭಾಷಿಗೂ ಊಟಕ್ಕೆ ಕರೆದಿದ್ದರು. ಮನೆಯಾಕೆ ಜೋಳದ ಹಿಟ್ಟನ್ನು ಗೊಟಾಯಿಸಿ ಬೇಯಿಸಿ, ಹಳದಿ ಮುದ್ದೆಯನ್ನು ಹಲಗೆಯ ಮೇಲೆ ಬೋರಲು ಹಾಕಿದರು. (ಇದು ನಮ್ಮ ಬಿಳಿಜೋಳವಲ್ಲ, ಗೋವಿನಜೋಳ.) ಅದನ್ನು ಕೊಯ್ಯಲು ಅವರು ಚಾಕು ಹಿಡಿಯಲಿಲ್ಲ, ಒಂದು ದಾರವನ್ನು ಎರಡೂ ಕೈಗಳಲ್ಲಿ ಬಿಗಿಹಿಡಿದು ಮುದ್ದೆಯ ಅಡಿಯಿಂದ ಮೇಲಕ್ಕೆ ಎಳೆದರು. ರಾಗಿಮುದ್ದೆಯ ಮನೆಯಿಂದ ಹೋದ ನನಗೆ ಆ ಹಬೆಯ ಮುಂದೆ ಕುಳಿತಾಗ ಪರದೇಶವೆಂಬುದೇ ಮರೆತುಹೋಯಿತು. ಇದರ ಹೆಸರೇನೆಂದು ಕೇಳಿದೆ. ‘ಕುಲೇಷಾ’ ಎಂದರು. ರೊಮೇನಿಯಾದ ಎಲ್ಲ ಕಡೆ ಇದನ್ನು ‘ಮಮಲಿಗಾ’ ಎನ್ನುತ್ತಾರಲ್ಲವೇ ಎಂದೆ. ಹೌದು, ಅದು ಮಮಲಿಗಾ ಎಂದರು. ಹಾಗಾದರೆ ಎರಡರಲ್ಲಿ ನಿಮ್ಮ ಮಾತು ಯಾವುದು ಎಂದು ನಾನು ಪಟ್ಟುಹಿಡಿದೆ. ದುಭಾಷಿ ಆ ಪ್ರಶ್ನೆಯನ್ನು ಎರಡು ಸಲ ಕೇಳಬೇಕಾಯಿತು, ಏಕೆಂದರೆ ಆಕೆಗೆ ಮಾತು ಅರ್ಥವಾಗಿದ್ದರೂ ಪ್ರಶ್ನೆ ಅರ್ಥವಾಗಿರಲಿಲ್ಲ. ಕೊನೆಗೆ ಆಕೆ, ಮನೆಯವರೊಡನೆ ಕುಲೇಷಾ ಎನ್ನುತ್ತೇವೆ, ಪಕ್ಕದ ಊರಿನವರು ಬಂದರೆ ಮಮಲಿಗಾ ಎನ್ನುತ್ತೇವೆ, ಆರುವ ಮೊದಲು ತಿನ್ನಿ ಎಂದರು. ಬಂದವರ ಮಾತಿನಲ್ಲಿ ಬಡಿಸುವುದು ಅಲ್ಲಿ ಆತಿಥ್ಯದ ಭಾಗ. ಆ ‘ಕುಲೇಷಾ’ ಎಂಬ ಮಾತು ಕೂಡ ನೆರೆಯ ಉಕ್ರೇನಿಯನ್ನರ ಅಡುಗೆಮನೆಯಲ್ಲಿಯೂ ಇದೆ ಎಂದರೆ, ನಾನು ಹಿಡಿದ ಹಠಕ್ಕೆ ಅರ್ಥವೇ ಉಳಿಯಲಿಲ್ಲ.

ಆ ಮನೆಯಾಕೆಗೆ ಅರ್ಥವಾಗದ ಪ್ರಶ್ನೆಯನ್ನೇ ಸರ್ಕಾರಗಳು ಬುಕೊವಿನಾದ ಪ್ರತಿಯೊಂದು ಮನೆಯ ಬಾಗಿಲಿನಲ್ಲಿಯೂ ಕೇಳುತ್ತ ಬಂದಿವೆ. 1880ರಿಂದ ಆಸ್ಟ್ರಿಯದ ಜನಗಣತಿ ಪ್ರತಿಯೊಬ್ಬನ ನಿತ್ಯಬಳಕೆಯ ಭಾಷೆಯನ್ನು ಬರೆದುಕೊಂಡಿತು. ಒಬ್ಬನಿಗೆ ಒಂದೇ ಭಾಷೆ ಎಂಬುದು ನಿಯಮ. 1910ರ ಗಣತಿಯಲ್ಲಿ ಬುಕೊವಿನಾದ ಸುಮಾರು 8 ಲಕ್ಷ ಜನರಲ್ಲಿ ರುಥೇನಿಯನ್, ಅಂದರೆ ಉಕ್ರೇನಿಯನ್, 38 ಪ್ರತಿಶತ, ರೊಮೇನಿಯನ್ 34, ಜರ್ಮನ್ 21, ಪೋಲಿಷ್ ಐದಕ್ಕಿಂತ ತುಸು ಕಡಿಮೆ. ಈ ಜರ್ಮನ್ 21ರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಹೂದಿಗಳು! ಅವರ ಯಿಡ್ಡಿಷ್ ಭಾಷೆಯೆಂದು ಮಾನ್ಯವಾಗಿರಲಿಲ್ಲವಾದ್ದರಿಂದ ಅವರನ್ನು ಜರ್ಮನ್ ಕಾಲಮ್ಮಿಗೆ ಸೇರಿಸಲಾಯಿತು. ಚೆರ್ನಿವ್ಟ್ಸಿಯ ಸಂಗೀತಗಾರ ಕರೋಲ್ ಮಿಕುಲಿಯನ್ನು ಯಾವ ಕಾಲಮ್ಮಿಗೆ ಹಾಕುವುದು? ಆತ ಅರ್ಮೇನಿಯನ್ ಮೂಲದ ಮನೆತನದವನು, ಪೋಲಿಷ್ ಪಿಯಾನೊ ವಾದಕ, ಹೆಸರಾಂತ ಸಂಗೀತ ರಚನಕಾರ ಶೋಪ್ಯಾನ್‌ನ ಶಿಷ್ಯ; ಅಷ್ಟಾಗಿ ರೊಮೇನಿಯನ್ ಜನಪದ ರಾಗಗಳನ್ನು ಸಂಗ್ರಹಿಸಿ ಪ್ರಕಟಿಸಿದವನೂ ಆತನೇ.

ಕಾಲಂ ಬರೀ ಕಾಗದದ ವಿಷಯವಾಗಿದ್ದರೆ ನಾನು ಇಷ್ಟು ಹೊತ್ತು ತಮ್ಮ ಸಮಯವನ್ನು ತೆಗೆದುಕೊಳ್ಳುತ್ತಿರಲಿಲ್ಲ. 1940ರಲ್ಲಿ ಜರ್ಮನಿ ತನ್ನವರೆಂದು ಎಣಿಸಿದವರನ್ನು ಬುಕೊವಿನಾದಿಂದ ಕರೆದೊಯ್ದಿತು. ಪೊಯಾನಾ ಮಿಕುಲುಯ್‌ನಲ್ಲಿ ಸುಮಾರು ನೂರು ವರ್ಷ ಬೇಲಿ ಹಂಚಿಕೊಂಡಿದ್ದ ಮನೆಗಳಲ್ಲಿ ಅರ್ಧ ಖಾಲಿಯಾದವು. 1941ರ ಅಕ್ಟೋಬರಿನಲ್ಲಿ ರೊಮೇನಿಯಾದ ಆಡಳಿತ ದಕ್ಷಿಣ ಬುಕೊವಿನಾದ ಯಹೂದಿಗಳನ್ನು ಟ್ರಾನ್ಸ್‌ನಿಸ್ಟ್ರಿಯಾಕ್ಕೆ, ಅಂದರೆ ಡ್ನೀಸ್ಟರ್ ನದಿಯಾಚೆ ತಾನು ಆಕ್ರಮಿಸಿಕೊಂಡಿದ್ದ ಸೀಮೆಗೆ, ಗಡೀಪಾರು ಮಾಡಿತು. ಅವರಲ್ಲಿ ಬಹಳ ಜನ ಹಿಂದಿರುಗಲಿಲ್ಲ. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಪೊಯಾನಾ ಮಿಕುಲುಯ್ ಊರನ್ನು ಸುಟ್ಟಿತು. ಆಮೇಲೆ ಪೋಲಿಷರ ವಲಸೆ. ಐದಾರು ಭಾಷೆಗಳ ಸೀಮೆಯೊಂದು ಎಂಟು ವರ್ಷಗಳೊಳಗೆ ಬಹುತೇಕ ಬರಿದಾದದ್ದು ನೆರೆಹೊರೆಯವರ ಜಗಳದಿಂದಲ್ಲ. ಯಾರು ಯಾವ ಪಟ್ಟಿಯಲ್ಲಿದ್ದಾರೆ ಎಂದು ದೂರದ ಕಚೇರಿಗಳು ನಿರ್ಧರಿಸಿದ್ದರಿಂದ. ಇದನ್ನು ಹೇಳುವುದಕ್ಕಾಗಿಯೇ ನಾನು ಇಂದು ಬಂದದ್ದು.

ಅಧ್ಯಕ್ಷರು ಸಮಯದ ಚೀಟಿಯನ್ನು ಕಳುಹಿಸಿದ್ದಾರೆ. ಆದ್ದರಿಂದ ಇಂದಿನ ಸ್ಥಿತಿಯನ್ನು ಬೇಗ ಹೇಳುತ್ತೇನೆ. 2002ರ ಗಣತಿಯಲ್ಲಿ ರೊಮೇನಿಯಾದಲ್ಲಿ ಪೋಲಿಷರೆಂದು ಬರೆಸಿಕೊಂಡವರು 3,559, 2011ರಲ್ಲಿ 2,543. ರೊಮೇನಿಯಾ ಈ ಸಣ್ಣ ಸಮುದಾಯಗಳನ್ನು ಕೈಬಿಟ್ಟಿದೆ ಎಂದು ನಾನು ಹೇಳುವುದಿಲ್ಲ. ಅಲ್ಪಸಂಖ್ಯಾತರ ಸಂಘಟನೆಗಳಿಗೆ ಸಂಸತ್ತಿನ ಕೆಳಮನೆಯಲ್ಲಿ ಒಂದೊಂದು ಸ್ಥಾನವನ್ನು ಸಂವಿಧಾನವೇ ಕೊಟ್ಟಿದೆ, ಮತ್ತು ಪೋಲಿಷರ ಒಕ್ಕೂಟಕ್ಕೂ ಅಲ್ಲಿ ಪ್ರತಿನಿಧಿ ಇದ್ದಾರೆ. ಇದು ಗೌರವಿಸಬೇಕಾದ ವ್ಯವಸ್ಥೆ. ಆದರೆ ಸ್ಥಳೀಯ ಆಡಳಿತದಲ್ಲಿ ಅಲ್ಪಸಂಖ್ಯಾತರ ಭಾಷೆಯನ್ನು ಬಳಸಲು 2001ರ ಕಾನೂನು 20 ಪ್ರತಿಶತದ ಮಿತಿಯನ್ನು ಇಟ್ಟಿತು. ಆ ಲೆಕ್ಕ ಊರಿನದಲ್ಲ, ನಮ್ಮ ಗ್ರಾಮ ಪಂಚಾಯಿತಿಯಂತೆ ಹಲವು ಊರುಗಳು ಸೇರಿದ ‘ಕಮ್ಯೂನಾ’ದ್ದು. ಸೊಲೊನೆತ್ಸು ನೊಉವನ್ನೂ ಒಳಗೊಂಡ ಕಚಿಕಾ ಕಮ್ಯೂನಾದಲ್ಲಿ ಪೋಲಿಷರು ಸುಮಾರು ಐದನೆಯ ಒಂದು ಭಾಗ, ಅಂದರೆ ಮಿತಿಯ ಗೆರೆಯ ಮೇಲೆಯೇ ನಿಂತಿದ್ದಾರೆ. ಬಹುತೇಕ ಪೋಲಿಷರೇ ಇರುವ ಪ್ಲೆಶಾ ರೊಮೇನಿಯನ್ನರು ಹೆಚ್ಚಾಗಿರುವ ಇನ್ನೊಂದು ಕಮ್ಯೂನಾಕ್ಕೆ ಸೇರಿದೆ. ಊರನ್ನು ಊರೆಂದು ನೋಡಿದರೆ ಒಂದು ಉತ್ತರ, ಗಡಿಗೆರೆ ಹಾಕಿ ಎಣಿಸಿದರೆ ಇನ್ನೊಂದು ಉತ್ತರ.

ಶಾಲೆಯ ವಿಷಯವನ್ನು ವಿಸ್ತರಿಸಲು ಈಗ ಅವಕಾಶವಿಲ್ಲ. 1990ರ ನಂತರ ಪೋಲಿಷ್ ಕಲಿಕೆ ಮತ್ತೆ ಬೇರೂರಿದೆ, ಪೋಲೆಂಡಿನಿಂದ ಶಿಕ್ಷಕರು ಬರುತ್ತಾರೆ. ಆದರೆ ಅವರು ಕಲಿಸುವುದು ಪುಸ್ತಕದ ಪೋಲಿಷ್, ಅಜ್ಜಿಯ ಬೆಟ್ಟದ ನುಡಿಯಲ್ಲ. ಆ ನುಡಿಗೆ ಯಾವ ಗಣತಿಯಲ್ಲಿಯೂ ಕಾಲಂ ಇಲ್ಲ. ಕಚಿಕಾದ ಚರ್ಚಿನ ಬಗ್ಗೆಯೂ ಒಂದೇ ಮಾತು: ಪ್ರತಿ ಆಗಸ್ಟ್ 15ರಂದು ಯೇಸುವಿನ ತಾಯಿ ಮರಿಯಮ್ಮನವರ ಹಬ್ಬಕ್ಕೆ ಅಲ್ಲಿಗೆ ಯಾತ್ರಿಕರು ನಡೆದು ಬರುತ್ತಾರೆ, ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪೂಜೆ ನಡೆಯುತ್ತದೆ, ಆರ್ಥೊಡಾಕ್ಸ್ ರೊಮೇನಿಯನ್ನರಿಗೂ ಅದೇ ದಿನ ಅದೇ ಹಬ್ಬ. 2000ದಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆ ಚರ್ಚಿಗೆ ಬಸಿಲಿಕಾ ಎಂಬ ಗೌರವವನ್ನು ಕೊಟ್ಟರು.

ಕೊನೆಯದಾಗಿ ಯಾಸ್ಟ್ರೊವ್ಯೆ. ಪೋಲೆಂಡಿನ ಆ ಚಿಕ್ಕ ಪಟ್ಟಣದಲ್ಲಿ 1990ರಿಂದ ‘ಬುಕೊವಿನಾ ಭೇಟಿಗಳು’ ಎಂಬ ಜನಪದ ಉತ್ಸವ ನಡೆಯುತ್ತಿದೆ. ಯುದ್ಧದ ನಂತರ ಚದುರಿದವರ ಮಕ್ಕಳು ಮೊಮ್ಮಕ್ಕಳು, ರೊಮೇನಿಯಾ ಮತ್ತು ಉಕ್ರೇನ್‌ಗಳ ಹಳ್ಳಿಗಳಲ್ಲಿ ಉಳಿದವರು, ಎಲ್ಲರೂ ಸೇರುತ್ತಾರೆ. ಪೋಲಿಷರಷ್ಟೇ ಅಲ್ಲ, ಬುಕೊವಿನಾದ ರೊಮೇನಿಯನ್ನರು, ಉಕ್ರೇನಿಯನ್ನರು, ಜರ್ಮನರು ಕೂಡ. ಅಲ್ಲಿ ಧ್ವನಿಮುದ್ರಿಸಿದ ಎರಡು ಹಾಡುಗಳನ್ನು ತಂದಿದ್ದೇನೆ. ಅಧ್ಯಕ್ಷರು ಒಪ್ಪಿದರೆ ಅವುಗಳನ್ನು ಕೇಳಿಸಿ ನನ್ನ ಜಾಗಕ್ಕೆ ಹೋಗುತ್ತೇನೆ.