ಐವತ್ತನಾಲ್ಕಕ್ಕೆ ಬ್ಯಾಂಕು ಕಟ್ಟಿದ ಆನ್ ಬೋಡನ್

ಕೇಳುಗರಿಗೆಲ್ಲ ನಮಸ್ಕಾರ. ಡೈರಿಗೆ ಹಾಲು ಹಾಕಿ ಬಂದು ಕೂತವರು, ರೇಷ್ಮೆ ಹುಳುವಿಗೆ ಸೊಪ್ಪು ಕೊಡುತ್ತಾ ರೇಡಿಯೋ ಹಚ್ಚಿಕೊಂಡವರು, ಎಲ್ಲರಿಗೂ. ಮೂವತ್ತು ವರ್ಷಕ್ಕಿಂತ ಜಾಸ್ತಿ ಬ್ಯಾಂಕಿನಲ್ಲಿ ಇದ್ದವನು ಅಂತ ನನ್ನನ್ನು ಕರೆದಿದ್ದಾರೆ. ಎಂಟು ನಿಮಿಷ ಕೊಟ್ಟಿದ್ದಾರೆ. ನಮ್ಮ ಕಾಲದಲ್ಲಿ ಎಂಟು ನಿಮಿಷಕ್ಕೆ ಒಂದು ಪಾಸ್‌ಬುಕ್ ಎಂಟ್ರಿಯೂ ಮುಗಿಯುತ್ತಿರಲಿಲ್ಲ. ನೋಡೋಣ.

ಇವತ್ತು ನಾನು ಹೇಳುವುದು ಆನ್ ಬೋಡನ್ ಎಂಬ ಹೆಂಗಸಿನ ಕತೆ. ಬ್ರಿಟನ್ನಿನವರು. ಫೋನಿನಲ್ಲೇ ನಡೆಯುವ ಬ್ಯಾಂಕು ಕಟ್ಟಿದರು. ಅದಕ್ಕೆ ಒಂದು ಶಾಖೆಯೂ ಇಲ್ಲ. ಶುರು ಮಾಡಿದಾಗ ಅವರಿಗೆ 54 ವರ್ಷ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಈ 54 ನೆನಪಿಟ್ಟುಕೊಳ್ಳಿ.

ಯಾಕೆ ಅಂದರೆ, ಕಂಪನಿ ಕಟ್ಟುವುದು ಈಗಷ್ಟೇ ಕಾಲೇಜು ಬಿಟ್ಟ ಹುಡುಗರ ಕೆಲಸ ಎಂದು ನಮ್ಮಲ್ಲಿ ಎಲ್ಲರೂ ನಂಬಿಬಿಟ್ಟಿದ್ದಾರೆ. ನಲವತ್ತು ದಾಟಿದವರು ಸುಮ್ನೆ ಜಗಲಿ ಮೇಲೆ ಕೂರಬೇಕಂತೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಆನ್ ಬೋಡನ್ ಹುಟ್ಟಿದ್ದು 1960ರಲ್ಲಿ, ವೇಲ್ಸ್‌ನ ಸ್ವಾನ್ಸಿ ಊರಿನಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಯ ಕೆಲಸಗಾರರು. ಮಗಳು ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ, ರಸಾಯನ ವಿಜ್ಞಾನ ಓದಿ 1981ರಲ್ಲಿ ಲಾಯ್ಡ್ಸ್ ಬ್ಯಾಂಕ್ ಸೇರಿದರು. ದೊಡ್ಡ ಮೊತ್ತ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಅದೇ ದಿನ ಹೋಗುವ ಚಾಪ್ಸ್ ಎಂಬ ವ್ಯವಸ್ಥೆ ಅಲ್ಲಿ ಬಂತು. ನಮ್ಮ ಆರ್‌ಟಿಜಿಎಸ್ ಇದೆಯಲ್ಲ, ಆ ತರಹದ್ದು. ಅದನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಆಮೇಲೆ ಮೂವತ್ತು ವರ್ಷ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ. ಎಲ್ಲವನ್ನೂ ಒಳಗಿನಿಂದ ನೋಡಿದರು. ಕೌಂಟರಿನ ಈಚೆ ನಿಂತವರಿಗೆ ಬರೀ ಕ್ಯೂ ಕಾಣುತ್ತದೆ. ಕ್ಯೂ ಯಾಕೆ ಬೆಳೆಯುತ್ತದೆ ಎಂಬುದು ಒಳಗೆ ಕೂತವರಿಗೆ ಮಾತ್ರ ಗೊತ್ತು.

ಈ ಮಾತಿಗೆ ನನ್ನದೇ ಒಂದು ಕತೆ ಇದೆ. ನಾನು ಕೆಲಸಕ್ಕೆ ಸೇರಿದ್ದು 1983ರಲ್ಲಿ, ಶಿಡ್ಲಘಟ್ಟದಲ್ಲಿ. ಯಾವ ಬ್ಯಾಂಕು ಎಂದು ಹೇಳುವುದಿಲ್ಲ. ಆಗ ಹಣ ತೆಗೆಯಬೇಕಾದರೆ ಚೀಟಿ ಬರೆದು, ಪಾಸ್‌ಬುಕ್ ಜೊತೆ ಕೊಡಬೇಕು. ನಾವು ಒಂದು ಹಿತ್ತಾಳೆ ಟೋಕನ್ ಕೊಡುತ್ತಿದ್ದೆವು. ಚೀಟಿ ಲೆಡ್ಜರಿಗೆ ಹೋಗಬೇಕು, ಸಹಿ ತಾಳೆ ನೋಡಬೇಕು, ಆಫೀಸರು ಪಾಸ್ ಮಾಡಬೇಕು, ಆಮೇಲೆ ಕ್ಯಾಷಿಯರು ನಂಬರ್ ಕೂಗಬೇಕು. ಅಲ್ಲಿಯವರೆಗೆ ಬೆಂಚು.

ಒಂದು ದಿನ ಒಬ್ಬ ರೈತರು ಬಂದರು. ಮನೆಯಲ್ಲಿ ಹುಳು ಹಣ್ಣಾಗುತ್ತಿದೆ, ಗೂಡು ಕಟ್ಟುವ ಹೊತ್ತು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ, ಚಂದ್ರಿಕೆ, ಸಾಲದು, ಬಾಡಿಗೆಗೆ ತರಬೇಕು, ಆಳಿಗೆ ಕೂಲಿ ಕೊಡಬೇಕು. 1,200 ರೂಪಾಯಿ ಬೇಕಿತ್ತು. ರೇಷ್ಮೆ ಸಾಕುವವರಿಗೆ ನಾನು ಹೇಳಬೇಕಾಗಿಲ್ಲ, ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆಫೀಸರು ಊಟಕ್ಕೆ ಹೋಗಿದ್ದರು. ಈ ಮನುಷ್ಯ ಎರಡು ಸಲ ಎದ್ದು ಬಂದು, "ಸ್ವಾಮಿ, ಆಯ್ತಾ?" ಎಂದು ಕೇಳಿದರು. ನಾನು ಹೊಸಬ, ಗತ್ತು ಜಾಸ್ತಿ. "ನಂಬರ್ ಕೂಗ್ತಾರೆ, ಕೂತ್ಕೊಳ್ರಿ" ಎಂದೆ. ಕೊನೆಗೆ ಕ್ಯಾಷಿಯರು ಕೂಗಿದರು. ಬೆಂಚು ಖಾಲಿ. ಬಸ್ಸು ಹೊರಟಿತೆಂದು ಅವರು ಓಡಿಹೋಗಿದ್ದರು. ದುಡ್ಡು ಇಲ್ಲೇ, ಟೋಕನ್ ಅವರ ಜೇಬಿನಲ್ಲಿ!

ಸಾಯಂಕಾಲ ಲೆಕ್ಕ ತಾಳೆ ಆಗಲಿಲ್ಲ. ಲೆಡ್ಜರಿನಲ್ಲಿ ಖರ್ಚು ಬಿದ್ದಿದೆ, ಪೆಟ್ಟಿಗೆಯಲ್ಲಿ ಹಣ ಹಾಗೇ ಇದೆ. ಕ್ಯಾಷಿಯರು ಒಳ್ಳೆಯ ಮನುಷ್ಯ. ದುಡ್ಡನ್ನು ಕರ್ಚೀಫಿನಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು, "ನೀನೇ ಓಡಿಸಿದ್ದು, ನೀನೇ ಹೋಗಿ ಟೋಕನ್ ತಗೊಂಡು ಬಾ" ಎಂದರು. ಚಿಂತಾಮಣಿ ರಸ್ತೆಯಲ್ಲಿ ಐದಾರು ಮೈಲಿ, ಬಾಡಿಗೆ ಸೈಕಲ್ಲು. ಮುಟ್ಟಿದಾಗ ಕತ್ತಲೆ. ಅಂಗಳದಲ್ಲಿ ಪೆಟ್ರೋಮ್ಯಾಕ್ಸ್ ಹಚ್ಚಿಕೊಂಡು ಮನೆಮಂದಿಯೆಲ್ಲ ಹುಳು ಆರಿಸುತ್ತಿದ್ದರು. ಚಂದ್ರಿಕೆ ಸಾಲದೆ ತೆಂಗಿನ ಗರಿಯನ್ನೂ ಹಾಸಿದ್ದರು. ಆ ರೈತರು ನನ್ನನ್ನು ನೋಡಿ ಬೈಯಲಿಲ್ಲ. ಹೆಂಡತಿಯನ್ನು ಕರೆದು, "ನೋಡೇ, ಬ್ಯಾಂಕೇ ಮನೆಗೆ ಬಂದೈತೆ" ಎಂದು ನಕ್ಕರು. ಕಾಫಿ ಕೊಟ್ಟರು. ನಾನು ಆ ಕಾಫಿ ಕುಡಿದದ್ದು ಹೇಗೆ ಅಂತ ನನಗೇ ಗೊತ್ತು.

ಮಾರನೇ ದಿನ ಮ್ಯಾನೇಜರ್ ಕೈಲಿ ಬೈಸಿಕೊಂಡೆ. ಬ್ಯಾಂಕಿನ ಹಣ ಹೊರಗೆ ಒಯ್ದದ್ದು ತಪ್ಪು, ಸರಿಯೇ. ಆದರೆ ಜನ ಬ್ಯಾಂಕಿಗೆ ಓಡುವ ಬದಲು ಬ್ಯಾಂಕೇ ಜನರ ಹತ್ತಿರ ಹೋಗಬೇಕು ಎಂಬುದು ಅವತ್ತು ನನಗೂ ಹೊಳೆದಿತ್ತು. ಹೊಳೆದು ಏನು ಮಾಡಿದೆ? ರಿಟೈರ್ ಆಗುವವರೆಗೂ ಅದೇ ಕುರ್ಚಿಯಲ್ಲಿ ಕೂತೆ. ಆನ್ ಬೋಡನ್ ಎದ್ದರು. ಇಷ್ಟೇ ವ್ಯತ್ಯಾಸ.

ಕತೆ ಉದ್ದವಾಯಿತು, ಬೇಗ ಬೇಗ ಹೇಳುತ್ತೇನೆ. 2008ರಲ್ಲಿ ದೊಡ್ಡ ದೊಡ್ಡ ಬ್ಯಾಂಕುಗಳು ಕುಸಿದವಲ್ಲ, ಐರ್ಲೆಂಡಿನ ಅಲೈಡ್ ಐರಿಷ್ ಬ್ಯಾಂಕಿಗೂ ಪೆಟ್ಟು ಬಿತ್ತು. ಅದನ್ನು ಸರಿಮಾಡಲು ಇವರು 2012ರಲ್ಲಿ ಹೋದರು. ಹಳೆಯದಕ್ಕೆ ತೇಪೆ ಹಾಕುವುದಕ್ಕಿಂತ ಹೊಸದು ಕಟ್ಟುವುದೇ ಸಲೀಸು ಎನ್ನಿಸಿತು. ಕೆಲಸ ಬಿಟ್ಟು 2014ರಲ್ಲಿ ಸ್ಟಾರ್ಲಿಂಗ್ ಬ್ಯಾಂಕ್ ಶುರು ಮಾಡಿದರು. ಸ್ಟಾರ್ಲಿಂಗ್ ಅಂದರೆ ನಮ್ಮ ಕಬ್ಬಕ್ಕಿ ಜಾತಿಯ ಹಕ್ಕಿ. 54ನೇ ವಯಸ್ಸಿನಲ್ಲಿ, ಮತ್ತೆ ಹೇಳುತ್ತಿದ್ದೇನೆ.

ದುಡ್ಡು ಹಾಕುವವರು ಒಬ್ಬರಾದ ಮೇಲೊಬ್ಬರು ಆಗುವುದಿಲ್ಲ ಎಂದರು. 2015ರಲ್ಲಿ ಜೊತೆಗಾರರು ಜಗಳವಾಡಿ ಎದ್ದು ಹೋದರು. ಅವರಲ್ಲಿ ಟಾಮ್ ಬ್ಲಾಮ್‌ಫೀಲ್ಡ್ ಎಂಬ ಯುವಕ ಇದ್ದ. ಅವರೆಲ್ಲ ಸೇರಿ ಕಟ್ಟಿದ ಬ್ಯಾಂಕೇ ಇವತ್ತಿನ ಮಾನ್ಜೊ, ಸ್ಟಾರ್ಲಿಂಗಿಗೆ ಎದುರಾಳಿ. ಹುಡುಗರು ಗೆದ್ದರು, ಒಪ್ಪುತ್ತೇನೆ. ಇವರೂ ಗೆದ್ದರಲ್ವಾ? ಹೆರಾಲ್ಡ್ ಮೆಕ್‌ಪೈಕ್ ಎಂಬ ಒಬ್ಬರೇ ಸಾಹುಕಾರರು 4 ಕೋಟಿ 80 ಲಕ್ಷ ಪೌಂಡ್ ಹಾಕಿದರು. 2016ರ ಜುಲೈನಲ್ಲಿ ಲೈಸೆನ್ಸು ಬಂತು. 2017ರಲ್ಲಿ ಆಪ್ ಜನರ ಕೈಗೆ ಸಿಕ್ಕಿತು. ಖಾತೆ ತೆರೆಯುವುದು ಫೋನಿನಲ್ಲೇ. ಅಂಗಡಿಯಲ್ಲಿ ಕಾರ್ಡು ಉಜ್ಜಿದ ತಕ್ಷಣ ಎಷ್ಟು ಹೋಯಿತೆಂದು ಫೋನು ಹೇಳುತ್ತದೆ. ಕಾರ್ಡು ಕಳೆದರೆ ಒಂದು ಒತ್ತು, ಬಂದ್. ಇವೆಲ್ಲ ಒಳಗೆ ಕೂತು ಜನರ ಪಾಡು ಕಂಡವರಿಗೆ ಹೊಳೆಯುವ ವಿಷಯ.

ಆದರೆ ನೋಟು ಕಟ್ಟಬೇಕೆಂದರೆ ಏನು ಮಾಡುವುದು? ಅಲ್ಲಿ ಅಂಚೆ ಕಚೇರಿ ಜೊತೆ ಒಪ್ಪಂದ ಮಾಡಿಕೊಂಡರು. ನಮ್ಮಲ್ಲೂ 2018ರಿಂದ ಅಂಚೆಯವರ ಪೇಮೆಂಟ್ಸ್ ಬ್ಯಾಂಕ್ ಇದೆ, ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ಬಂದು ಹೆಬ್ಬೆಟ್ಟು ಇಡಿಸಿಕೊಂಡು ದುಡ್ಡು ಕೊಡುತ್ತಾರೆ. ಯುಪಿಐ ಬಗ್ಗೆಯೂ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಸಮಯ ಇಲ್ಲ. 2023ರಲ್ಲಿ ಆನ್ ಬೋಡನ್ ಮುಖ್ಯಸ್ಥರ ಕುರ್ಚಿ ಬಿಟ್ಟರು. ಆಗ 63 ವರ್ಷ. ನಮ್ಮಲ್ಲಿ 60ಕ್ಕೇ ಹಾರ ಹಾಕಿ ಕಳಿಸುತ್ತಾರೆ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಮುಗಿಸಬೇಕಂತೆ. ಹಾಂ, ಆ ಟೋಕನ್ ನಂಬರು 37. ಆ ರೈತರ ಮನೆಯವರು ಯಾರಾದರೂ ಕೇಳುತ್ತಿದ್ದರೆ, ಕಾಫಿಗೆ ಇನ್ನೊಂದು ಸಲ ಥ್ಯಾಂಕ್ಸ್. ನಮಸ್ಕಾರ.