ಶಿಫಾರಸು ಪತ್ರ ಕೇಳಲು ಹೋದಾಗ

ಕೇಳುಗರಿಗೆ ನಮಸ್ಕಾರ.

ಫೈನಾನ್ಸ್ ಕೆಲಸ ಸಾಕಾಗಿದೆ, ಎಂಬಿಎ ಮಾಡಿ ಬೇರೆ ದಾರಿ ಹಿಡಿಯೋಣ ಅಂತ ಯೋಚಿಸುತ್ತಿರುವವರಿಗೆ ಇವತ್ತಿನ ಮಾತು. ನಾನೂ ಹಾಗೆ ಹೊರಟವನೇ.

ಮೊದಲು ನಾನು ಮಾಡಿದ್ದೇನು ಗೊತ್ತಾ? ಎಕ್ಸೆಲ್ ತೆರೆದೆ. ಹಳೇ ಚಾಳಿ, ಬಿಡುತ್ತಾ? ಬಿಸಿನೆಸ್ ಶಾಲೆಗೊಂದು ಸಾಲು. ಶುಲ್ಕ, ರ‍್ಯಾಂಕು, ಕೊನೆಯ ದಿನಾಂಕ, ಎಲ್ಲಕ್ಕೂ ಒಂದೊಂದು ಕಾಲಂ. ಯಾಕೆ ಹೋಗುತ್ತಿದ್ದೇನೆ ಅನ್ನುವುದಕ್ಕೆ ಮಾತ್ರ ಕಾಲಂ ಇರಲಿಲ್ಲ.

ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಈಗಿನ ಪರೀಕ್ಷೆ ಎರಡೂಕಾಲು ಗಂಟೆಯದು, ಅಂಕ 205ರಿಂದ 805ರವರೆಗೆ. ಹಳೆಯ ಪರೀಕ್ಷೆಯ 700 ಅಂದರೆ ಈಗಿನ ಸುಮಾರು 645. ಇದು ಗೊತ್ತಿಲ್ಲದೆ ಸುಮ್ನೆ ಗಾಬರಿಯಾಗುವವರಿದ್ದಾರೆ.

ಕೋರ್ಸಿನ ಅವಧಿ ಮಾತ್ರ ಸರಿಯಾಗಿ ಯೋಚಿಸಬೇಕಾದ ವಿಷಯ. ಎರಡು ವರ್ಷದ ಕೋರ್ಸಿನಲ್ಲಿ ನಡುವೆ ಬೇಸಿಗೆ ಇಂಟರ್ನ್‌ಶಿಪ್ ಇರುತ್ತದೆ, ಹತ್ತು ಹನ್ನೆರಡು ವಾರ. ಹೊಸ ಕೆಲಸ ನಮಗೆ ಒಗ್ಗುತ್ತದಾ, ನಾವು ಅವರಿಗೆ ಒಗ್ಗುತ್ತೇವಾ ಅಂತ ತಿಳಿಯುವುದು ಅಲ್ಲೇ. ಒಂದು ವರ್ಷದ ಎಷ್ಟೋ ಕೋರ್ಸುಗಳಲ್ಲಿ ಅದಕ್ಕೆ ಜಾಗವಿಲ್ಲ. ದುಡ್ಡು ಉಳಿಯುತ್ತದೆ, ನಿಜ. ಇದ್ದ ಕ್ಷೇತ್ರದಲ್ಲೇ ಮೇಲೇರುವವರಿಗೆ ಅದು ಸಾಕು. ಕ್ಷೇತ್ರ ಬದಲಿಸುವವರಿಗೆ ಕಷ್ಟ. ಎರಡು ವರ್ಷ ಇದ್ದರೂ, ಸೇರಿದ ಕೆಲವೇ ವಾರಗಳಲ್ಲಿ ಇಂಟರ್ನ್‌ಶಿಪ್‌ಗೆ ಜನರನ್ನು ಹುಡುಕುತ್ತಾ ಕಂಪನಿಗಳು ಬಾಗಿಲಿಗೆ ಬರುತ್ತವೆ. ಅಲ್ಲಿಗೆ ಹೋದಮೇಲೆ ನೋಡೋಣ ಅಂದರೆ ತಡವಾಗಿರುತ್ತದೆ.

ಇನ್ನು ಶಿಫಾರಸು ಪತ್ರ. ಬಹಳಷ್ಟು ಶಾಲೆಗಳು ಈಗಿನ ಬಾಸ್ ಕೈಯಿಂದಲೇ ಬಯಸುತ್ತವೆ. ಅಂದರೆ ಸೀಟು ಸಿಗುವ ಮೊದಲೇ, ಬಿಟ್ಟು ಹೋಗುತ್ತೇನೆ ಅಂತ ಬಾಯಿಬಿಡಬೇಕು. ಪೇಚಾಟ ಅಲ್ವಾ?

ನಾನು ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸರಿ, ಓದಿ ಏನು ಮಾಡ್ತೀರಿ?" ಅಂದರು. ಪ್ರಾಡಕ್ಟ್ ಮ್ಯಾನೇಜರ್ ಆಗ್ತೀನಿ ಸಾರ್ ಅಂದೆ. "ಅವರು ದಿನವಿಡೀ ಏನು ಮಾಡ್ತಾರೆ?" ನನ್ನ ಬಾಯಿ ಕಟ್ಟಿತು. ಯಾಕೆ ಎಂಬಿಎ ಅಂತ ಅರ್ಜಿಯ ಜೊತೆ ಕೊಡುವ ಪ್ರಬಂಧ ಆಗಲೇ ಮೂರು ಸಲ ತಿದ್ದಿ ಬರೆದಾಗಿತ್ತು! ಒಂದು ವಾರ ಟೈಮ್ ಕೇಳಿ ಎದ್ದು ಬಂದೆ.

ಆ ವಾರ ಅದೇ ಕೆಲಸದಲ್ಲಿರುವ ಮೂವರಿಗೆ ಫೋನ್ ಮಾಡಿದೆ. ಅವರಲ್ಲಿ ಒಬ್ಬರು ತಮ್ಮ ಹಿಂದಿನ ದಿನ ಹೇಗೆ ಕಳೆಯಿತು ಅಂತ ಗಂಟೆ ಗಂಟೆಯಾಗಿ ಹೇಳಿದರು. ಅರ್ಧ ದಿನ, ತಮ್ಮ ಮಾತು ಕೇಳಲೇಬೇಕಿಲ್ಲದ ಎಂಜಿನಿಯರ್‌ಗಳನ್ನು ಒಪ್ಪಿಸುವುದರಲ್ಲೇ ಹೋಗಿತ್ತಂತೆ. ಕೇಳುತ್ತಾ ನನಗೊಂದು ಹಳೇ ಎಕ್ಸೆಲ್ ಶೀಟು ನೆನಪಾಯಿತು. ಬಿಲ್ ಹೊಂದಿಸುವ ಗುಮಾಸ್ತರಿಗಾಗಿ ನಾನು ಮಾಡಿಕೊಟ್ಟಿದ್ದು. ಅವರು ಪದೇ ಪದೇ ಬಂದು ಇದನ್ನು ಬದಲಿಸಿ, ಅದನ್ನು ಸೇರಿಸಿ ಅನ್ನುತ್ತಿದ್ದರು. ಅಷ್ಟು ವರ್ಷದಲ್ಲಿ ನಾನು ಖುಷಿಯಿಂದ ಮಾಡಿದ ಕೆಲಸ ಅದೊಂದೇ.

ಪ್ರಬಂಧವನ್ನು ಅಲ್ಲಿಂದ ಹೊಸದಾಗಿ ಶುರುಮಾಡಿದೆ. ಮೊದಲು ಅದರ ತುಂಬಾ ಇದ್ದ ಕೋಟಿಗಳ ಲೆಕ್ಕ ಒಂದೇ ಸಾಲಿಗೆ ಇಳಿಯಿತು.

ಸೋಮವಾರ ಬಾಸ್ ಹತ್ತಿರ ಹೋಗಿ ಆ ಶೀಟಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು, "ಪತ್ರ ಯಾವ ತಾರೀಕಿನೊಳಗೆ ಬೇಕು?" ಅಂದರು.

ನಮಸ್ಕಾರ.